ಹೊಲಿಗೆ ಬಿಚ್ಚಿದ ಮೇಲೆ



ತಾಯಿಯ ನೆನಪಿಗೆ ಕುಟುಂಬವೊಂದು ಇಟ್ಟ ಈ ದತ್ತಿ ಉಪನ್ಯಾಸದಲ್ಲಿ ಇದುವರೆಗೆ ಶಾಸನ, ವಚನ, ದೇವಾಲಯ ಶಿಲ್ಪ ಇಂಥವುಗಳ ಮೇಲೆ ಮಾತಾಗಿದೆ. ನಾನೂ ಇತಿಹಾಸದ ಮೇಷ್ಟ್ರಾಗಿದ್ದವಳು, ಹಾಗಾಗಿ ಸಂಘಟಕರು ನನ್ನಿಂದ ಅದನ್ನೇ ನಿರೀಕ್ಷಿಸಿದ್ದರು. ಗರ್ಭಕೋಶ ತೆಗೆಸಿಕೊಂಡ ಮೇಲೆ ತಿಂಗಳುಗಟ್ಟಲೆ ಬಿಡದೆ ಕಾಡುವ ಸುಸ್ತಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, “ಮೇಡಂ, ಸಭೇಲಿ ಗಂಡಸರೂ ಇರ್ತಾರೆ” ಎಂದರು. ಇರಬೇಕು ಎಂದೇ ಈ ವಿಷಯ ಆರಿಸಿಕೊಂಡೆ ಎಂದೆ. ಒಪ್ಪಿದರು. ಅವರಿಗೆ ನನ್ನ ಕೃತಜ್ಞತೆ.

ನನ್ನ ಮಾತಿನ ಮೇರೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ವೈದ್ಯೆಯಲ್ಲ. ನನ್ನ ನಲವತ್ತಾರನೇ ವಯಸ್ಸಿನಲ್ಲಿ ಈ ಆಪರೇಷನ್ ಆಯಿತು. ಅದರ ನಂತರ ಓದಿದ್ದು, ನಿವೃತ್ತ ಸ್ತ್ರೀರೋಗ ತಜ್ಞೆಯೊಬ್ಬರ ಎದುರು ಕೂತು ಕೇಳಿ ತಿಳಿದದ್ದು, ನಮ್ಮೂರಿನ ಹೆಂಗಸರು ನನ್ನ ಜಗಲಿಯ ಮೇಲೆ ಹೇಳಿಕೊಂಡದ್ದು, ಇಷ್ಟೇ ನನ್ನ ಬಂಡವಾಳ. ಆ ಸುಸ್ತು ಏನು, ಅದರ ಜೊತೆ ದಿನ ಕಳೆಯುವುದು ಹೇಗೆ, ಆ ದಿನಗಳಲ್ಲಿ ಮನೆಯ ಕೆಲಸ ಯಾರ ಹೆಗಲಿಗೆ, ಈ ಮೂರನ್ನು ಹೇಳುತ್ತೇನೆ. ಮೂರನೆಯದಕ್ಕೇ ನಾನು ಬಂದಿರುವುದು.

ಆದರೂ ಶುರು ಮಾಡುವುದು ಶಾಸನದಿಂದಲೇ. ಅಭ್ಯಾಸಬಲ, ಕ್ಷಮಿಸಿ.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ನಿಮಗೆಲ್ಲ ಗೊತ್ತಿರುವ ಊರು. ಹಿಂದೆ ನಾಗರಖಂಡ ಎಪ್ಪತ್ತರ ಮುಖ್ಯ ಪಟ್ಟಣ. ರಾಷ್ಟ್ರಕೂಟರ ಕಾಲದಲ್ಲಿ ಆ ಎಪ್ಪತ್ತು ಹಳ್ಳಿಗಳ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಯನ್ನೇ ಆ ಸ್ಥಾನಕ್ಕೆ ನೇಮಿಸಿದರು. ಚೆನ್ನಾಗಿ ಆಳಿದಳು. ಮೈಯಲ್ಲಿ ಕಾಯಿಲೆ ಹೊಕ್ಕಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು, ವ್ರತ ಹಿಡಿದು ಪ್ರಾಣ ಬಿಟ್ಟಳು. ಇದು ಕ್ರಿ.ಶ. 918ರ ಮಾತು.

ಈ ಶಾಸನವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಮಾಡಿದೆ. ಹತ್ತನೇ ಶತಮಾನದಲ್ಲೇ ಹೆಣ್ಣೊಬ್ಬಳು ಆಡಳಿತ ನಡೆಸಿದಳು ಎಂದು ಮಕ್ಕಳಿಗೆ ಎದೆ ಉಬ್ಬಿಸಿ ಹೇಳುತ್ತಿದ್ದೆ. ಕೊನೆಯ ವ್ರತವನ್ನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತಿದ್ದೆ. ನಡುವಿನ ಸಂಗತಿಯನ್ನು ಮಾತ್ರ ಹಾರಿಸಿಕೊಂಡು ಹೋಗುತ್ತಿದ್ದೆ. ಮೈಗೆ ಆಗದು ಎಂದಾಗ ಅವಳು ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದಳು. ಆ ಒಪ್ಪಿಸುವಿಕೆ ಎಲ್ಲರಿಗೂ ಗೊತ್ತಾಗುವಂತೆ ಕಲ್ಲಿನ ಮೇಲೆ ಬಿತ್ತು. ಅವಳದು ಸಾವಿಗೆ ಸಿದ್ಧವಾದ ನಿರ್ಧಾರ, ನಾನು ಹೇಳಹೊರಟಿರುವುದು ಬದುಕಿ ಎದ್ದು ಓಡಾಡಬೇಕಾದವರ ಕಥೆ. ಹೋಲಿಕೆಯನ್ನು ಅಲ್ಲಿಗೇ ಬಿಡುತ್ತೇನೆ. ಆದರೆ ಆ “ಒಪ್ಪಿಸಿದಳು” ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಈಗ ಮೊದಲನೆಯ ವಿಷಯಕ್ಕೆ ಬರೋಣ.

ನನಗೆ ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ಎರಡು ವರ್ಷ ವಿಪರೀತ ಮುಟ್ಟು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಶ್ರಾವಣದಲ್ಲಿ ಹೊಟ್ಟೆ ಕೊಯ್ದು ತೆಗೆದರು. ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ವಿಶ್ರಾಂತಿಯ ಬಗ್ಗೆ ಇದ್ದದ್ದು ಒಂದೇ ಸಾಲು: ಆರು ವಾರ ಭಾರ ಎತ್ತಬೇಡಿ. ಆರು ವಾರ ಎತ್ತಲಿಲ್ಲ. ಏಳನೇ ವಾರ ಸೋಮವಾರ ಬೆಳಿಗ್ಗೆ ನಾನು ಹಳೆಯ ನಾನಾಗಿ ಏಳುತ್ತೇನೆ ಎಂದುಕೊಂಡಿದ್ದೆ.

ದೀಪಾವಳಿ ಹೊತ್ತಿಗೆ ಹತ್ತು ವಾರ ಮುಗಿದಿತ್ತು. ಅಂಗಳದಲ್ಲಿ ಅಡಿಕೆ ಗೊನೆ ಬಂದು ಬಿದ್ದಿದ್ದವು. ಸುಲಿಯುವುದೇನು ಭಾರ ಎತ್ತುವ ಕೆಲಸವೇ, ಕೂತು ಮಾಡುವುದಲ್ಲವೇ ಎಂದು ಮೆಟ್ಟುಗತ್ತಿಯ ಮುಂದೆ ಕೂತೆ. ಅರ್ಧ ಬುಟ್ಟಿಯೂ ಆಗಿರಲಿಲ್ಲ. ಕೈಯಲ್ಲಿದ್ದ ಅಡಿಕೆ ಜಾರಿ ಉರುಳಿ ತುಳಸಿಕಟ್ಟೆಯ ಬುಡಕ್ಕೆ ಹೋಗಿ ನಿಂತಿತು. ಅದನ್ನು ಎದ್ದುಹೋಗಿ ಎತ್ತಿಕೊಳ್ಳುವ ಯೋಚನೆಗೇ ಕಣ್ಣಲ್ಲಿ ನೀರು ಬಂತು. ನೋವಿರಲಿಲ್ಲ. ಗಾಯ ಮಾಗಿತ್ತು, ಜ್ವರವಿರಲಿಲ್ಲ. ಮೈಯೊಳಗಿನ ದೀಪಕ್ಕೆ ಎಣ್ಣೆ ತೀರಿದ ಹಾಗೆ ಅಷ್ಟೇ. ಬೇಲಿಯಾಚೆಯ ಅಜ್ಜಿ ಇಣುಕಿ, “ಏನು ಟೀಚರಮ್ಮ, ಹೊಲಿಗೆ ಬಿಚ್ಚಿ ಎರಡು ತಿಂಗಳಾತಲ್ಲ, ಇನ್ನೂ ಹಿಂಗೇ ಇದೀರಾ?” ಎಂದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆ ಪ್ರಶ್ನೆ ಮಾತ್ರ ಹೊಲಿಗೆಗಿಂತ ಹೆಚ್ಚು ಚುಚ್ಚಿತು.

ನಾನೊಬ್ಬಳೇ ಮೈಗಳ್ಳಿ ಎಂದುಕೊಂಡಿದ್ದೆ. ಹಾಗಲ್ಲ ಎಂದು ತಿಳಿದದ್ದು ಆಮೇಲೆ. ಈ ಆಪರೇಷನ್ ಮಾಡಿಸಿಕೊಂಡಿದ್ದ 300 ಮಹಿಳೆಯರನ್ನು ಅಮೆರಿಕದಲ್ಲಿ ವಿಚಾರಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೊದಲ ಕೆಲವು ವಾರಗಳಲ್ಲಿ ಅವರಲ್ಲಿ ಅತಿ ಹೆಚ್ಚು ಜನರನ್ನು ಕಾಡಿದ್ದು ನೋವಲ್ಲ, ಸುಸ್ತು. ಶೇಕಡಾ 74 ಮಂದಿ ಹಾಗೆಂದರು. ನೋವು ಹೋದ ಮೇಲೂ ಅದು ಬಹಳ ದಿನ ಉಳಿಯಿತು. ಅಡಿಕೆ ಕಂಡರಿಯದ ದೇಶದ ಹೆಂಗಸರಿಗೂ ಇದೇ ಪಾಡು ಎಂದು ಓದಿದ ದಿನ ನನಗೆ ಒಂದು ಬಗೆಯ ಸಮಾಧಾನವಾಯಿತು, ಸುಳ್ಳು ಹೇಳಲಾರೆ.

ಕಾರಣ ಒಂದೇ ಅಲ್ಲ. ಹೊಟ್ಟೆಯ ಗಾಯವನ್ನು ಮುಚ್ಚಲು ದೇಹ ತನ್ನದೇ ಸ್ನಾಯುವಿನ ಪ್ರೋಟೀನನ್ನು ಕರಗಿಸಿ ಬಳಸಿಕೊಳ್ಳುತ್ತದೆ. ಹೊರಗೆ ಚರ್ಮ ಕೂಡಿಕೊಂಡರೂ ಒಳಗಿನ ಪದರಗಳು ಗಟ್ಟಿಯಾಗಲು ವಾರಗಳು ಬೇಕು. ಮಲಗಿದಷ್ಟೂ ತೊಡೆಯ ಬಲ ಇಳಿಯುತ್ತದೆ. ಅಂಡಾಶಯಗಳನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವ ಕಾಲ ಹಂತ ಹಂತವಾಗಿ ಬರದೆ ಒಂದೇ ದಿನಕ್ಕೆ ಬಂದೆರಗುತ್ತದೆ. ರಾತ್ರಿ ಮೈಯೆಲ್ಲ ಉರಿ, ಬೆವರು, ನಿದ್ದೆಯಿಲ್ಲ. ನಿದ್ದೆಯಿಲ್ಲದ ಮೈಗೆ ಹಗಲಲ್ಲಿ ತ್ರಾಣವೆಲ್ಲಿಂದ ಬರಬೇಕು? ನಮ್ಮ ಕಡೆ ಬಹಳ ಹೆಂಗಸರಿಗೆ “ಚೀಲ ತೆಗೆದರು” ಎಂಬುದಷ್ಟೇ ಗೊತ್ತು. ಅಂಡಾಶಯ ಉಳಿಸಿದರೋ ತೆಗೆದರೋ ಗೊತ್ತಿರುವುದಿಲ್ಲ. ಕೇಳಿ ತಿಳಿದುಕೊಳ್ಳಬೇಕು, ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಮುಂದೆ ಮೂಳೆ, ಹೃದಯ, ಹಾರ್ಮೋನ್ ಚಿಕಿತ್ಸೆ ಎಲ್ಲದಕ್ಕೂ ಆ ಒಂದು ಮಾತು ಬೇಕಾಗುತ್ತದೆ.

ಇವೆಲ್ಲಕ್ಕಿಂತ ನಮ್ಮ ಸೀಮೆಯಲ್ಲಿ ದೊಡ್ಡ ಕಾರಣ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019–21ರದು, ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇದೆ ಎಂದಿತು. ಅಂದರೆ ಆಪರೇಷನ್ ಕೋಣೆಯ ಬಾಗಿಲು ದಾಟುವ ಮೊದಲೇ ನಾವು ಅರ್ಧ ಸೋತಿರುತ್ತೇವೆ.

ಒಂದು ಲೆಕ್ಕ ನೋಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಒಂದು ಮುಟ್ಟಿಗೆ 80 ಮಿಲಿಲೀಟರಿಗಿಂತ ಹೆಚ್ಚು ಹೋದರೆ ಅತಿಸ್ರಾವ ಎನ್ನುತ್ತಾರೆ. ಅಲ್ಲಿಗೆ 40 ಮಿಲಿಗ್ರಾಂ ಕಬ್ಬಿಣ ಹೋಯಿತು. ಊಟದಿಂದ ದೇಹ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ, ಅದರಲ್ಲೂ ದಿನನಿತ್ಯದ ಖರ್ಚು ಕಳೆಯಬೇಕು. ತಿಂಗಳು ತಿಂಗಳೂ ಹೀಗೆ ಎರಡು ವರ್ಷ ನಡೆದರೆ ಕಣಜದ ತಳ ಕಾಣದೆ ಇರುತ್ತದೆಯೇ? ಮೇಲೆ ಆಪರೇಷನ್ನಿನಲ್ಲಿ ಹೋದ ರಕ್ತ ಬೇರೆ. ಮಾತ್ರೆ ನುಂಗಿ ಹಿಮೋಗ್ಲೋಬಿನ್ 12 ಮುಟ್ಟಿದ ಕೂಡಲೇ ನಾವು ಮಾತ್ರೆ ಬಿಟ್ಟುಬಿಡುತ್ತೇವೆ. ಅಂಗಡಿಯ ಮುಂದಿನ ಸಾಮಾನು ತುಂಬಿತು, ಹಿಂದಿನ ಉಗ್ರಾಣ ಇನ್ನೂ ಖಾಲಿ. ಅದು ತುಂಬಬೇಕಾದರೆ ಮತ್ತೆ ಸುಮಾರು ಮೂರು ತಿಂಗಳು ಮಾತ್ರೆ ನಡೆಯಬೇಕು ಎಂದು ನನಗೆ ಬಿಡಿಸಿ ಹೇಳಿದ್ದು ಆ ನಿವೃತ್ತ ವೈದ್ಯೆ.

ಇಲ್ಲಿ ಒಂದು ಅಡ್ಡಮಾತು. ಬಂದಳಿಕೆ ಅಂದರೆ ಊರಿನ ಹೆಸರು ಮಾತ್ರವಲ್ಲ, ಮಾವಿನ ಕೊಂಬೆಗೆ ಹತ್ತಿಕೊಂಡು ಅದರ ರಸ ಹೀರಿ ಬದುಕುವ ಗಿಡವೂ ಬಂದಳಿಕೆಯೇ. ದೂರದಿಂದ ನೋಡಿದರೆ ಮರ ಹಸಿರಾಗಿಯೇ ಕಾಣುತ್ತದೆ, ಆ ಹಸಿರು ಮರದ್ದಲ್ಲ ಅಷ್ಟೇ. ಗಾಯ ಮಾಗಿ ಮುಖ ತುಂಬಿಕೊಂಡ ಹೆಂಗಸನ್ನು ನೋಡಿ “ಚೆನ್ನಾಗೇ ಇದಾಳಲ್ಲ” ಎನ್ನುವವರನ್ನು ಕಂಡಾಗೆಲ್ಲ ನನಗೆ ಆ ಮರ ನೆನಪಾಗುತ್ತದೆ.

ಹಾಗಾದರೆ ಆ ಸುಸ್ತಿನ ಜೊತೆ ದಿನ ಕಳೆಯುವುದು ಹೇಗೆ? ಇದು ಎರಡನೆಯ ವಿಷಯ.

ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ಒಂದು ದಿನ ಬೆಳಿಗ್ಗೆ ಮೈ ಹಗುರ ಅನಿಸಿದರೆ ಸಾಕು, ಬಟ್ಟೆ ಒಗೆದು, ಕೊಟ್ಟಿಗೆ ಬಳಿದು, ಅಟ್ಟದ ಧೂಳು ಹೊಡೆದು ಉಳಿದದ್ದೆಲ್ಲ ಮುಗಿಸುತ್ತಿದ್ದೆ. ಮರುದಿನ, ಅದರ ಮರುದಿನ ಚಾಪೆ ಬಿಟ್ಟು ಏಳಲಾಗುತ್ತಿರಲಿಲ್ಲ. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮೊದಲೇ ಕೂರಬೇಕು ಎಂಬುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆಯತೊಡಗಿದೆ: ಎಷ್ಟು ಹೊತ್ತಿಗೆ ಏನು ಮಾಡಿದೆ, ಯಾವಾಗ ಕಾಲು ನಡುಗಿತು. ಎರಡು ವಾರದಲ್ಲಿ ನನ್ನ ಮೈಯ ವೇಳಾಪಟ್ಟಿ ತಿಳಿಯಿತು. ಬೆಳಿಗ್ಗೆ ಹತ್ತರವರೆಗೆ ತ್ರಾಣವಿರುತ್ತದೆ, ಊಟದ ನಂತರ ಇಲ್ಲ, ಸಂಜೆ ಐದಕ್ಕೆ ಮತ್ತೆ ಸ್ವಲ್ಪ ಬರುತ್ತದೆ. ಬಟ್ಟೆ ಒಗೆದ ದಿನ ರೊಟ್ಟಿ ಬಡಿಯಬಾರದು. ಇಂಥ ಸಣ್ಣ ಕಾನೂನುಗಳು.

ಮಲಗಿಯೇ ಇರುವುದೂ ತಪ್ಪು. ಆಪರೇಷನ್ನಿನ ಮರುದಿನವೇ ಎಬ್ಬಿಸಿ ನಡೆಸುವುದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಿರಲಿ ಎಂದು. ಮನೆಗೆ ಬಂದ ಮೇಲೂ ಅದನ್ನು ಬಿಡಬಾರದು. ಬಂದಳಿಕೆಯ ಬಸದಿಯ ಬಳಿಯಿಂದ ತ್ರಿಮೂರ್ತಿ ನಾರಾಯಣ ಗುಡಿಯ ಕಡೆಗೆ ನಡೆಯುವುದನ್ನು ನಾನು ರೂಢಿ ಮಾಡಿಕೊಂಡೆ. ಮೊದಲ ದಿನ ಅರ್ಧ ದಾರಿಗೇ ಕಲ್ಲಿನ ಮೇಲೆ ಕೂತೆ. ವಾರಕ್ಕೊಮ್ಮೆ ನಾಲ್ಕು ಹೆಜ್ಜೆ ಹೆಚ್ಚಿಸುತ್ತ ಹೋದೆ. ಪ್ರವಾಸಿಗರು ನನ್ನನ್ನು ಗೈಡ್ ಎಂದುಕೊಂಡು ಪ್ರಶ್ನೆ ಕೇಳುತ್ತಿದ್ದರು. ಉತ್ತರ ಹೇಳುವ ನೆಪದಲ್ಲಿ ಸುಧಾರಿಸಿಕೊಳ್ಳುತ್ತಿದ್ದೆ.

ಪಥ್ಯದ ಬಗ್ಗೆ ಒಂದು ಮಾತು. ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಬಿಸಿನೀರು ಕುಡಿಯಿರಿ, ನನ್ನ ತಕರಾರಿಲ್ಲ. ಆದರೆ ಸೊಪ್ಪು ನಂಜು, ಕಾಳು ವಾಯು, ಮೊಟ್ಟೆ ಉಷ್ಣ ಎಂದು ಒಂದೊಂದಾಗಿ ಕಿತ್ತುಕೊಂಡು ಕೊನೆಗೆ ಗಂಜಿ ಉಪ್ಪಿನಕಾಯಿ ಉಳಿಸುತ್ತಾರಲ್ಲ, ಅದು ಗಾಯ ಮಾಗಬೇಕಾದ ಮೈಗೆ ಮಾಡುವ ಅನ್ಯಾಯ. ಹುರಳಿ, ಹೆಸರುಕಾಳು, ನುಗ್ಗೆಸೊಪ್ಪು, ರಾಗಿ, ಮೊಟ್ಟೆ, ಮೀನು, ಒಗ್ಗುವವರಿಗೆ ಮಾಂಸ, ಎಲ್ಲ ಬೇಕು. ಕಬ್ಬಿಣದ ಮಾತ್ರೆಯನ್ನು ನಿಂಬೆರಸದ ನೀರಿನೊಂದಿಗೆ ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ, ಚಹಾದ ಜೊತೆಗೆ ತೆಗೆದುಕೊಂಡರೆ ಹಿಡಿಯುವುದಿಲ್ಲ. ಮಾತ್ರೆಗೆ ಮಲಬದ್ಧತೆ ಆಗುತ್ತದೆಂದು ಬಿಟ್ಟುಬಿಡುವವರು ಬಹಳ. ಬಿಡುವ ಬದಲು ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ.

ಎಲ್ಲ ಸುಸ್ತೂ ಕಾದರೆ ಹೋಗುವಂಥದ್ದಲ್ಲ. ಜ್ವರ, ದುರ್ವಾಸನೆಯ ಸ್ರಾವ, ಮತ್ತೆ ರಕ್ತ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಏದುಸಿರು, ಎದೆನೋವು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ಸಂತೆಯ ದಿನಕ್ಕೆ ಕಾಯಬಾರದು. ಮೂರು ತಿಂಗಳಾದರೂ ಸುಸ್ತು ಇಳಿಯುತ್ತಿಲ್ಲ ಎಂದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಬೇಕು. ಇನ್ನೊಂದನ್ನು ನಾವು ಸುಸ್ತು ಎಂದೇ ಕರೆಯುತ್ತೇವೆ: ಯಾವುದರಲ್ಲೂ ಮನಸ್ಸಿಲ್ಲ, ಅಳು ಬರುತ್ತದೆ, ಗರ್ಭಕೋಶವೇ ಇಲ್ಲದ ಮೇಲೆ ನಾನೆಂಥ ಹೆಂಗಸು ಅನಿಸುತ್ತದೆ. ಎರಡು ವಾರ ಹಾಗೇ ಇದ್ದರೆ ಅದಕ್ಕೂ ಔಷಧವಿದೆ, ಮಾತಾಡುವವರಿದ್ದಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನದಕ್ಕೆ ಹೋಗುವ ಮೊದಲು, ಆಪರೇಷನ್ ಬೇಕಿತ್ತೇ ಎಂಬ ಪ್ರಶ್ನೆಯನ್ನು ಮುಟ್ಟದೆ ಹೋದರೆ ತಪ್ಪಾಗುತ್ತದೆ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ, ಎಷ್ಟೋ ಚಿಕ್ಕ ವಯಸ್ಸಿನವರಿಗೂ, ಹೊಟ್ಟೆನೋವು ಬಿಳಿಸೆರಗು ಎಂದು ಹೋದರೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಗರ್ಭಕೋಶ ತೆಗೆದ ಸಂಗತಿ ಹೊರಬಂದು ತನಿಖೆಯಾಯಿತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥದೇ ದೂರಿನ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ರಾಜ್ಯಗಳಿಗೆ ಹೇಳಿತು. ನನಗೆ ಆಪರೇಷನ್ ಬೇಕಿತ್ತು, ಅದರಿಂದ ಒಳ್ಳೆಯದೇ ಆಯಿತು. ನಿಮಗೆ ಬೇಕೋ ಬೇಡವೋ ಎಂದು ಇನ್ನೊಬ್ಬ ವೈದ್ಯರನ್ನು ಕೇಳುವುದು ಮೊದಲನೆಯವರಿಗೆ ಮಾಡುವ ಅವಮಾನವಲ್ಲ. ಇಷ್ಟು ಸಾಕು.

ಈಗ ಮೂರನೆಯದು. ಕೆಲಸ ಯಾರ ಹೆಗಲಿಗೆ?

ಐದು ಕಿಲೋಗಿಂತ ಹೆಚ್ಚು ಎತ್ತಬೇಡಿ ಎನ್ನುತ್ತಾರೆ ವೈದ್ಯರು. ಒಂದು ಲೀಟರ್ ನೀರು ಒಂದು ಕಿಲೋ. ನಮ್ಮ ಕೊಡಪಾನಕ್ಕೆ ಹತ್ತು ಹನ್ನೆರಡು ಲೀಟರ್ ಹಿಡಿಯುತ್ತದೆ. ಹುಲ್ಲಿನ ಹೊರೆ, ಸಗಣಿ ಬುಟ್ಟಿ, ನೆನೆದ ಕಂಬಳಿ, ಸೊಂಟಕ್ಕೇರುವ ಮೊಮ್ಮಗು, ಯಾವುದು ಐದು ಕಿಲೋದೊಳಗೆ ಬರುತ್ತದೆ? ಚೀಟಿಯ ಆ ಒಂದು ಸಾಲನ್ನು ನಿಜವಾಗಿ ಪಾಲಿಸಿದರೆ ಹಳ್ಳಿಯ ಮನೆಯೊಂದು ಬೆಳಗಾಗುವಷ್ಟರಲ್ಲಿ ನಿಂತುಹೋಗುತ್ತದೆ. ಮನೆ ನಿಲ್ಲುವುದಿಲ್ಲ. ಅಂದರೆ ಯಾರೋ ಆ ಸಾಲನ್ನು ಪಾಲಿಸುತ್ತಿಲ್ಲ ಎಂದರ್ಥ.

ನನ್ನ ಮಟ್ಟಿಗೆ, ಅಡಿಕೆ ಉರುಳಿಹೋದ ಆ ದಿನದ ರಾತ್ರಿ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಮಾಡುವ ಕೆಲಸಗಳನ್ನು ಬರೆದೆ. ನಲವತ್ತೊಂದಾದವು. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಓದಿ, “ಇಷ್ಟೆಲ್ಲ ಇದೆಯಾ?” ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಪ್ರತಿ ಕೆಲಸದ ಎದುರಿಗೆ ಒಂದು ಹೆಸರು ಬರೆದೆವು. ಹಾಲು ಕರೆಯುವುದು ಅವರದು, ನೀರು ಮಗನದು, ರೊಟ್ಟಿ ನಾದಿನಿಯದು. ಹದಿನೇಳು ಕೆಲಸಗಳ ಎದುರಿಗೆ ಯಾರ ಹೆಸರೂ ಬರಲಿಲ್ಲ. ಅವನ್ನು ಮಾಡದೆ ಬಿಟ್ಟೆವು. ಹಿತ್ತಾಳೆ ಪಾತ್ರೆಗಳು ಆ ವರ್ಷ ಕಪ್ಪಾಗಿಯೇ ಇದ್ದವು, ಮನೆ ಬೀಳಲಿಲ್ಲ.

ಆದರೆ ನನಗೆ ಸಂಬಳ ಸಹಿತ ರಜೆ ಇತ್ತು. ಹೆರಿಗೆ ಸೌಲಭ್ಯ ಕಾಯ್ದೆ, 1961ರದು, ಗರ್ಭಪಾತಕ್ಕೆ ಆರು ವಾರ, ಸಂತಾನಹರಣ ಚಿಕಿತ್ಸೆಗೆ ಎರಡು ವಾರ ರಜೆ ಕೊಡುತ್ತಿತ್ತು. ಅದರಲ್ಲಿ ಗರ್ಭಕೋಶ ತೆಗೆಯುವುದರ ಮಾತಿರಲಿಲ್ಲ. ಪಕ್ಕದ ಕೇರಳ ತನ್ನ ಸರ್ಕಾರಿ ನೌಕರೆಯರಿಗೆ ಇದಕ್ಕೆಂದೇ 45 ದಿನ ಕೊಡುತ್ತದೆ, ಒಳ್ಳೆಯದು. ಆನವಟ್ಟಿ ಕಡೆ ಅನಾನಸ್ ತೋಟಕ್ಕೆ, ಶಿರಾಳಕೊಪ್ಪದ ಕಡೆ ಜೋಳ ಶುಂಠಿಯ ಹೊಲಕ್ಕೆ ಕೂಲಿಗೆ ಹೋಗುವವಳಿಗೆ ಇವು ಯಾವುವೂ ಮುಟ್ಟುವುದಿಲ್ಲ. ಅವಳಿಗೆ ರಜೆ ಎಂದರೆ ಒಲೆ ಹೊತ್ತದ ದಿನ. ಮೂರನೇ ವಾರಕ್ಕೇ ಕಳೆ ಕೀಳಲು ಹೋದವರು ನನ್ನ ಜಗಲಿಯ ಮೇಲೆ ಕೂತು ಹೇಳಿದ್ದಾರೆ, ಇನ್ನೂ ಸೊಂಟ ಹಿಡಿದುಕೊಂಡೇ ಏಳುತ್ತಾರೆ.

ಶಿಕಾರಿಪುರ ತಾಲ್ಲೂಕಿನದೇ ಆದ ಬಳ್ಳಿಗಾವಿಯ ಕೋಡಿಯ ಮಠ 12ನೇ ಶತಮಾನದಲ್ಲಿ ಓದಿನ ಜೊತೆಗೆ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುವ ಸ್ಥಳವಾಗಿತ್ತೆಂದು 1162ರ ಶಾಸನ ಹೇಳುತ್ತದೆ. ಅನ್ನ ಮತ್ತು ಔಷಧವನ್ನು ಒಂದೇ ಉಸಿರಿನಲ್ಲಿ ಹೇಳಿದ್ದು ನನಗೆ ಹಿಡಿಸುತ್ತದೆ. ಈಗ ಔಷಧಕ್ಕೆ ಕಾರ್ಡಿದೆ, ಆಪರೇಷನ್ನಿಗೂ ಇದೆ. ಅದರ ನಂತರದ ಮೂರು ತಿಂಗಳಿಗೆ ಏನೂ ಇಲ್ಲ.

ಸರ್ಕಾರ ಕೊಡುವವರೆಗೆ ಕಾಯುತ್ತ ಕೂರಬೇಕಿಲ್ಲ. ನಮ್ಮಲ್ಲಿ ಮುಯ್ಯಾಳು ಇದೆ. ನಾಟಿಗೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಬರೆದಿಡದಿದ್ದರೂ ಯಾರೂ ಲೆಕ್ಕ ತಪ್ಪುವುದಿಲ್ಲ. ಆ ಮುಯ್ಯನ್ನು ಗದ್ದೆಯಿಂದ ಅಡುಗೆಮನೆಗೆ, ನೀರಿನ ಕೊಡಕ್ಕೆ ತರಬಾರದೇಕೆ? ಇಲ್ಲಿ ಕೂತಿರುವ ಬಹುಪಾಲು ಅಕ್ಕಂದಿರು ಸ್ವಸಹಾಯ ಸಂಘಗಳಲ್ಲಿದ್ದೀರಿ. ವಾರವಾರ ಸಭೆ ಸೇರಿ ಉಳಿತಾಯದ ಪುಸ್ತಕ ಬರೆಯುತ್ತೀರಿ. ಮುಂದಿನ ಸಭೆಯಲ್ಲಿ ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ, ಈ ಮಳೆಗಾಲದೊಳಗೆ ಯಾರಿಗೆ ಆಪರೇಷನ್ ಇದೆ, ಅವರ ಮನೆಗೆ ಸೋಮವಾರ ನೀರು ತರುವವರು ಯಾರು, ಮಂಗಳವಾರ ಯಾರು ಎಂದು ಹನ್ನೆರಡು ವಾರಕ್ಕೆ ಹೆಸರು ಬರೆಯಿರಿ. ಸಭೆಗೆ ಬಂದಿರುವ ಗಂಡಸರೂ ತಮ್ಮ ಹೆಸರು ಕೊಟ್ಟು ಹೋಗಲಿ. ಹಾಳೆ ಮತ್ತು ಪೆನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ.